ಶೆರೋ ಆಡಿಸಿದ ‘ರಿಂಗ್’ ಡಿವಿಡಿ: ನಾಟಕ ಕಲಿಸುವವರು ಕೊಳ್ಳಬಹುದೆ?

ಕೊಳ್ಳಬಹುದು. ಆದರೆ ‘ರಿಂಗ್’ ಅನ್ನುವುದು ನಾಲ್ಕು ಒಪೆರಾಗಳ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳ ಸರಣಿ; ಸುಮಾರು 14 ಗಂಟೆಯ ಈ ಪೆಟ್ಟಿಗೆಯನ್ನು ಮೊದಲ ಡಿಸ್ಕಿನಿಂದ ಕ್ರಮವಾಗಿ ನೋಡಲು ಕೂತರೆ ಅರ್ಧಕ್ಕೇ ಬೀರು ಸೇರುವುದು ಖಂಡಿತ. ಇಡೀ ರಾತ್ರಿ ‘ಕುರುಕ್ಷೇತ್ರ’ ನೋಡುವ ತುಮಕೂರು ಸೀಮೆಯವರಿಗೆ ಉದ್ದ ತೊಂದರೆಯಲ್ಲ, ಎಲ್ಲಿಂದ ಶುರುಮಾಡಬೇಕು ಅನ್ನುವುದೇ ತೊಂದರೆ.

ಫ್ರಾನ್ಸಿನ ನಿರ್ದೇಶಕ ಪ್ಯಾಟ್ರಿಸ್ ಶೆರೋ 1976ರಲ್ಲಿ, ಜರ್ಮನಿಯ ಬೈರಾಯ್ಟ್ ಉತ್ಸವದ ನೂರನೇ ವರ್ಷಕ್ಕೆ, ಜರ್ಮನಿಯ ಸಂಗೀತ ರಚನಕಾರ ವಾಗ್ನರ್ ಅವರ ಈ ಸರಣಿಯನ್ನು ಆಡಿಸಿದಾಗ ಅವರಿಗೆ 31 ವರ್ಷ. ಅದಕ್ಕೆ ಮುಂಚೆ ಮಾಡಿಸಿದ್ದ ಒಪೆರಾ ಎರಡೇ, ಪಳಗಿದ್ದು ಮಾತಿನ ನಾಟಕದಲ್ಲಿ. ವಾದ್ಯವೃಂದ ನಡೆಸಿದವರು ಪಿಯರ್ ಬುಲೆಝ್, ರಂಗಸಜ್ಜಿಕೆ ರಿಷಾರ್ ಪೆದುಝ್ಜಿ ಅವರದು. ರೈನ್ ನದಿ ಹರಿಯಬೇಕಾದ ಜಾಗದಲ್ಲಿ ಅಣೆಕಟ್ಟು ನಿಂತಿತು. ಮೊದಲ ವರ್ಷ ಪ್ರೇಕ್ಷಕರು ಸೀಟಿ ಊದಿ ಗಲಾಟೆ ಎಬ್ಬಿಸಿದರು. 1980ರ ಕೊನೆಯ ಪ್ರದರ್ಶನಕ್ಕೆ ಮುಕ್ಕಾಲು ಗಂಟೆಗೂ ಮೀರಿ ಚಪ್ಪಾಳೆ ಬಿತ್ತು. ನಡುವೆ ಶೆರೋ ತಿದ್ದುತ್ತಲೇ ಇದ್ದರು. ಯುದ್ಧಕನ್ಯೆಯರಾದ ವಾಲ್ಕ್ಯೂರಿಗಳು ಸೇರುವ ಬಂಡೆಯನ್ನೇ 1977ರಲ್ಲಿ ಬದಲಾಯಿಸಿದರು. ಡಿವಿಡಿಯಲ್ಲಿ ಸಿಗುವುದು ಈ ತಿದ್ದಿದ ರೂಪ. 1979 ಮತ್ತು 1980ರಲ್ಲಿ ಅದೇ ರಂಗದ ಮೇಲೆ, ಪ್ರೇಕ್ಷಕರಿಲ್ಲದೆ, ಬ್ರಯಾನ್ ಲಾರ್ಜ್ ಚಿತ್ರೀಕರಿಸಿದ್ದಾರೆ.

ಶುರು ಮಾಡಬೇಕಾದ್ದು ಸರಣಿಯಲ್ಲಿ ಎರಡನೆಯದಾದ ‘ವಾಲ್ಕ್ಯೂರ’ದ ಮೊದಲ ಅಂಕದಿಂದ. ಒಂದು ಗಂಟೆ ಚಿಲ್ಲರೆ, ಹಾಡುವವರು ಮೂರೇ ಮಂದಿ. ಒಮ್ಮೆ ನೋಡಿದ ಮೇಲೆ ಧ್ವನಿ ಪೂರ್ತಿ ನಿಲ್ಲಿಸಿ ಹತ್ತು ನಿಮಿಷ ನೋಡಿ. ನಮ್ಮಲ್ಲಿ ಕಂದಪದ್ಯ ಎತ್ತಿಕೊಂಡವನು ಮೈಕಿನ ಮುಂದೆ ಬರುತ್ತಾನೆ, ಕಣ್ಣು ಹಾರ್ಮೋನಿಯಂ ಮೇಷ್ಟ್ರ ಕಡೆ, ಉಳಿದ ಪಾತ್ರಗಳು ಕಿರೀಟ ಸರಿಮಾಡಿಕೊಳ್ಳುತ್ತಾ ನಿಂತಿರುತ್ತವೆ. ಇಲ್ಲಿ ಸೀಗ್‌ಮುಂಡ್ ಪಾತ್ರದ ಪೀಟರ್ ಹಾಫ್‌ಮನ್ ಹಾಡುವಾಗ ಕೇಳಿಸಿಕೊಳ್ಳುತ್ತಿರುವ, ಸೀಗ್‌ಲಿಂಡೆ ಪಾತ್ರದ ಜೆನೀನ್ ಆಲ್ಟ್‌ಮಯರ್ ಅವರನ್ನು ಗಮನಿಸಿ: ಕಥೆ ಮುಂದೆ ಸಾಗುವುದು ಅವರ ಮುಖದಲ್ಲಿ.

ಎರಡನೇ ಅಂಕದಲ್ಲಿ ದೇವರಾಜ ವೋಟಾನ್‌ನ ದೀರ್ಘ ಸ್ವಗತವಿದೆ. ಎಂಥ ನಟನಿಗೂ ಇಲ್ಲಿ ಪ್ರೇಕ್ಷಕರು ಕೈತಪ್ಪುತ್ತಾರೆ. ಶೆರೋ ಕೊಟ್ಟಿರುವುದು ಒಂದು ಕನ್ನಡಿ, ನೆಲದ ಮೇಲೆ ತೂಗುವ ಒಂದು ಲೋಲಕ. ‘ಅಂತ್ಯ’ ಎಂಬ ಮಾತು ಬಂದಾಗ ವೋಟಾನ್ ಪಾತ್ರದ ಡೊನಾಲ್ಡ್ ಮೆಕಿಂಟೈರ್ ಆ ಲೋಲಕವನ್ನು ತಡೆದು ನಿಲ್ಲಿಸುತ್ತಾರೆ, ಅಷ್ಟೇ. ಅಂಕದ ಕೊನೆಯಲ್ಲಿ, ತಾನೇ ಸಾವಿಗೆ ಒಪ್ಪಿಸಿದ ಮಗ ಸೀಗ್‌ಮುಂಡ್‌ನನ್ನು ವೋಟಾನ್ ತೋಳಲ್ಲಿ ಹಿಡಿಯುತ್ತಾನೆ. ಆ ಕ್ಷಣಕ್ಕೆ ಹಾಡೇ ಇಲ್ಲ. ಕರ್ಣ–ಕುಂತಿ ಸೀನು ಕಲಿಸುವವರಿಗೆ ಪೆಟ್ಟಿಗೆಯ ದುಡ್ಡು ಇಲ್ಲೇ ವಸೂಲಾಗುತ್ತದೆ.

ಸರಣಿಯ ಮೊದಲನೆಯದಾದ ‘ರೈನ್‌ಗೋಲ್ಡ್’ನಲ್ಲಿ ದೈತ್ಯರನ್ನು ಮಾಡಿದ ಉಪಾಯ ನಮ್ಮ ಘಟೋತ್ಕಚನಿಗೂ ಆದೀತು: ಗಟ್ಟಿಮುಟ್ಟಾದ ಆಳಿನ ಭುಜದ ಮೇಲೆ ಗಾಯಕ, ಇಬ್ಬರನ್ನೂ ಮುಚ್ಚುವ ನಿಲುವಂಗಿ. ಆದರೆ ಮೇಲೆ ಕೂತವನು ಬೀಳದಿರಲು ಹೊಟ್ಟೆ ಬಿಗಿಹಿಡಿದರೆ ಉಸಿರು ಮೊಟಕಾಗಿ ಆಲಾಪ ನಡುವೆಯೇ ತುಂಡಾಗುತ್ತದೆ. ಬಾಡಿಗೆ ಸ್ಟೇಜಿನ ಹಲಗೆ ಕುಣಿಯುವುದರಿಂದ ಅಪಾಯ ಇನ್ನೂ ಜಾಸ್ತಿ. ಹಾಡುವಾಗ ನಿಂತೇ ಇರಬೇಕು, ನಡೆಯುವುದಾದರೆ ಹಾಡು ಮುಗಿದ ಮೇಲೆ.

ಮೂರನೆಯದಾದ ‘ಸೀಗ್‌ಫ್ರೀಡ್’ ಮಾತ್ರ ಸೊರಗಿದೆ. ಜನ ತಳ್ಳುವ ಘಟಸರ್ಪ ದೂರದಿಂದ ಚೆನ್ನಾಗಿ ಕಂಡಿರಬಹುದು, ಕ್ಯಾಮೆರಾ ಹತ್ತಿರ ಹೋದರೆ ಆಟದ ಸಾಮಾನು. ಹೈನ್ಸ್ ಝೆಡ್ನಿಕ್ ಅವರ ಕುಳ್ಳ ಕಮ್ಮಾರನಿಗಾಗಿ ಮೊದಲ ಅಂಕ ನೋಡಿ, ಮಿಕ್ಕದ್ದು ಬಿಟ್ಟರೂ ನಷ್ಟವಿಲ್ಲ.

ಚಿತ್ರ ಹಳೆಯ ಟಿವಿ ಅಳತೆಯದು. ಟಿವಿಯ ಸೆಟ್ಟಿಂಗ್‌ನಲ್ಲಿ 4:3 ಇಡದಿದ್ದರೆ ಎಲ್ಲರೂ ಅಡ್ಡಡ್ಡ ಉಬ್ಬಿ ಕಾಣುತ್ತಾರೆ. ಎರಡೇ ಸ್ಪೀಕರ್ ಇದ್ದರೆ ಆಡಿಯೋ ಮೆನುವಿನಲ್ಲಿ ಸ್ಟೀರಿಯೋ ಆರಿಸಿ; ಸುತ್ತಲೂ ಸ್ಪೀಕರ್ ಇರುವವರಿಗಾಗಿ ಇರುವ 5.1 ಇಟ್ಟರೆ ವಾದ್ಯದ ಅಬ್ಬರದಲ್ಲಿ ಕಂಠ ಅಡಗಬಹುದು. ಕನ್ನಡ ಸಬ್‌ಟೈಟಲ್ ಇಲ್ಲ, ಇಂಗ್ಲಿಷ್ ಇದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ರೀಜನ್ ಕೋಡ್ (ಯಾವ ದೇಶದ ಪ್ಲೇಯರಿನಲ್ಲಿ ಡಿಸ್ಕ್ ಓಡುತ್ತದೆ ಎಂದು ತಿಳಿಸುವ ಸಂಖ್ಯೆ) ನೋಡಿ: 0 ಅಥವಾ ಭಾರತದ 5 ಇರಬೇಕು.

ಅಷ್ಟು ದುಡ್ಡು, ಅಷ್ಟು ಹೊತ್ತು ಇಲ್ಲದವರು ಶೆರೋ 2013ರ ಜುಲೈನಲ್ಲಿ ಫ್ರಾನ್ಸಿನ ಎಕ್ಸ್ ಊರಿನಲ್ಲಿ ಆಡಿಸಿದ ‘ಎಲೆಕ್ಟ್ರಾ’ ಒಪೆರಾದ ಡಿಸ್ಕ್ ತರಿಸಿಕೊಳ್ಳಲಿ. ಅದೇ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಈ ಒಪೆರಾ ಎರಡು ಗಂಟೆಯೊಳಗೆ ಮುಗಿಯುತ್ತದೆ, ಚಿತ್ರವೂ ಅಗಲ ಟಿವಿಗೆ ಸರಿಯಾಗಿದೆ. ಸಂಗೀತ ಶುರುವಾಗುವ ಮುಂಚೆ ಕೆಲಸದ ಹೆಂಗಸರು ಅಂಗಳ ಗುಡಿಸುತ್ತಾರೆ. ಪೊರಕೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಪ್ರಾರ್ಥನೆ ಹಾಡದೆ ಪರದೆ ಎತ್ತಲು ಅಂಜುವವರು ಇದನ್ನೊಮ್ಮೆ ನೋಡಬೇಕು.

ಎರಡೂ ಮನೆಯಲ್ಲಿ ನೋಡಲು ಮಾರಿದ ಡಿಸ್ಕುಗಳು. ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ಕಡೆ ಟಿಕೆಟ್ ಇಟ್ಟು ತೋರಿಸುವುದಾದರೆ ಸಾರ್ವಜನಿಕ ಪ್ರದರ್ಶನದ ಹಕ್ಕನ್ನು ಬೇರೆಯಾಗಿ ಪಡೆಯಬೇಕು.