ಬರೀ ಪ್ಲೇಟ್, ಬರೀ ಸಿಲಿಂಡರ್, ಫುಲ್ ಸೆಟ್: ಕ್ಲಚ್ ವಿಷಯದಲ್ಲಿ ಮೂರನ್ನೂ ಮಾಡಿಸಿ ನೋಡಿದೆ

ಬ್ರೇಕ್ ಪ್ಯಾಡ್ ಸವೆದಿದ್ದರೆ ಚಕ್ರ ಬಿಚ್ಚಿ ಕಣ್ಣಾರೆ ನೋಡಬಹುದು. ಟೈರ್ ಆದರೆ ಬೆರಳಿಟ್ಟು ನೋಡಬಹುದು. ಕ್ಲಚ್ ಮಾತ್ರ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಅಡಗಿ ಕೂತಿರುತ್ತದೆ. ಗೇರ್‌ಬಾಕ್ಸ್ ಇಳಿಸುವ ತನಕ ಅದು ಮೆಕ್ಯಾನಿಕ್‌ಗೂ ಕಾಣುವುದಿಲ್ಲ, ನಮಗೂ ಕಾಣುವುದಿಲ್ಲ. ಇಳಿಸಿದ ಮೇಲೆ ಲೇಬರ್ ಖರ್ಚು ಹೇಗೂ ಬಂದೇ ಬರುತ್ತದೆ. ಹಾಗಾಗಿ "ಕ್ಲಚ್ ಹೋಗಿದೆ ಸಾರ್" ಎಂದರೆ ನಂಬಬೇಕೋ ಬೇಡವೋ ಎಂದು ಒದ್ದಾಡುವುದು ನಾನೊಬ್ಬನೇ ಅಲ್ಲ ಅಂದುಕೊಂಡಿದ್ದೇನೆ.

ಎರಡು ಕಾರಿನಲ್ಲಿ ಮೂರು ಸಲ ಈ ಕೆಲಸ ಮಾಡಿಸಿದ್ದೇನೆ. ಒಂದು ಸಲ ಮೆಕ್ಯಾನಿಕ್ ಮಾತು ಕೇಳದೆ ಕೆಟ್ಟೆ. ಇನ್ನೊಂದು ಸಲ ಕೇಳದೆ ಉಳಿದೆ. ಮೂರನೇ ಸಲ ಕೇಳಿದೆ.

ಮೊದಲನೆಯದು ಹಳೇ ಕಾರು. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಸದ್ದು ಏರುತ್ತಿತ್ತು, ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತಿತ್ತು, ಗಾಡಿ ಮಾತ್ರ ಇದ್ದ ವೇಗದಲ್ಲೇ. ಕ್ಲಚ್ ಸ್ಲಿಪ್ ಆಗುತ್ತಿದೆ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಮೆಕ್ಯಾನಿಕ್ ಫುಲ್ ಸೆಟ್ ಹಾಕಿಸಿ ಎಂದರು, ಅಂದರೆ ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರೂ. ನನಗೋ, ಸವೆದಿರುವುದು ಪ್ಲೇಟ್ ಒಂದೇ ತಾನೆ, ಇನ್ನೆರಡನ್ನು ಸುಮ್ನೆ ತಲೆಗೆ ಕಟ್ಟುತ್ತಿದ್ದಾರೆ ಎಂಬ ಗುಮಾನಿ. ಹಟ ಹಿಡಿದು ಬರೀ ಪ್ಲೇಟ್ ಹಾಕಿಸಿದೆ. ಅವರು ಎರಡು ಸಲ ಹೇಳಿ ಸುಮ್ಮನಾದರು.

ಸ್ಲಿಪ್ ಆಗುವುದೇನೋ ನಿಂತಿತು. ಆದರೆ ಪೆಡಲ್ ಮೊದಲಿನ ಹಾಗೇ ಬಿಗಿ. ಐದು ತಿಂಗಳಾದ ಮೇಲೆ ಕ್ಲಚ್ ಒತ್ತಿದಾಗೆಲ್ಲ ಕಿರ್ರ್ ಎಂಬ ಸದ್ದು, ಬಿಟ್ಟರೆ ಇಲ್ಲ. ರಿಲೀಸ್ ಬೇರಿಂಗ್! ಅದನ್ನು ಬದಲಿಸಲು ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಯಿತು. ಪ್ರೆಶರ್ ಪ್ಲೇಟಿನ ನಡುವೆ ಬೇರಿಂಗ್ ಒತ್ತುವ ಸ್ಪ್ರಿಂಗ್ ಎಸಳುಗಳಿರುತ್ತವಲ್ಲ, ಅವುಗಳ ತುದಿಯೂ ಸವೆದು ಹೊಳೆಯುತ್ತಿತ್ತು. ಹಾಗಾಗಿ ಅದನ್ನೂ ಬದಲಿಸಿದ್ದಾಯಿತು. ಅದೇ ಲೇಬರ್ ಎರಡನೇ ಸಲ. "ಅವತ್ತೇ ಹೇಳಿದ್ದೆ" ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಬಿಸಿ ಮುಟ್ಟಿದ ಮೇಲೆ ಮನುಷ್ಯ ಇನ್ನೊಂದು ತುದಿಗೆ ಹೋಗುತ್ತಾನೆ. ಎರಡನೇ ಕಾರಿನಲ್ಲಿ ತೊಂದರೆ ಶುರುವಾದಾಗ ಯಾರು ಏನು ಹೇಳಿದರೂ ತಲೆ ಆಡಿಸಲು ನಾನು ತಯಾರಿದ್ದೆ. ಬೆಳಿಗ್ಗೆ ರಿವರ್ಸ್ ಹಾಕಿದರೆ ಗರ್ ಎನ್ನುತ್ತಿತ್ತು, ಫಸ್ಟ್ ಗೇರ್ ಬೀಳಲು ತಕರಾರು ಮಾಡುತ್ತಿತ್ತು. ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದರೆ ಸಲೀಸಾಗಿ ಬೀಳುತ್ತಿತ್ತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳಿದರು, ಹೇಳಿದೆ. "ಹಾಗಾದರೆ ಕ್ಲಚ್ ಬದಲಿಸುವ ಟೈಮ್ ಬಂದಿದೆ, ಫುಲ್ ಸೆಟ್, ಜೊತೆಗೆ ಫ್ಲೈವೀಲ್ ಕೂಡ" ಎಂದರು. ಫ್ಲೈವೀಲ್ ಅಂದರೆ ಇಂಜಿನ್ ಕಡೆಯ ಭಾರದ ಚಕ್ರ, ಕ್ಲಚ್ ಪ್ಲೇಟ್ ಒತ್ತಿಕೊಳ್ಳುವುದು ಅದಕ್ಕೇ. ಗಾಡಿ ಓಡಿಸಿ ನೋಡಲಿಲ್ಲ. ಬಾನೆಟ್ ಕೂಡ ಎತ್ತಲಿಲ್ಲ. ಆದರೂ ನಾನು ಹೂಂ ಎನ್ನುವವನಿದ್ದೆ, ಆ ದಿನ ಅವರಿಗೆ ಪುರುಸೊತ್ತಿಲ್ಲದ್ದರಿಂದ ಉಳಿದುಕೊಂಡೆ.

ಇನ್ನೊಬ್ಬ ಮೆಕ್ಯಾನಿಕ್ ನಾನು ಪಂಪ್ ಮಾಡುವ ವಿಷಯ ಹೇಳಿದ ಕೂಡಲೇ ನಕ್ಕರು. "ಪ್ಲೇಟ್ ಸವೆದಿದ್ದರೆ ಪಂಪ್ ಮಾಡಿದರೆ ಸರಿ ಹೋಗುತ್ತಾ?" ಅಲ್ವಾ? ನನಗೆ ಹೊಳೆದೇ ಇರಲಿಲ್ಲ. ಕ್ಲಚ್ ಹಿಡಿಯದೇ ಇರುವುದು ಬೇರೆ, ಬಿಡದೇ ಇರುವುದು ಬೇರೆ. ಹಿಡಿಯದಿದ್ದರೆ ಸ್ಲಿಪ್ ಆಗುತ್ತದೆ, ಆಗ ಅನುಮಾನ ಹೆಚ್ಚಾಗಿ ಒಳಗಿನ ಪ್ಲೇಟಿನ ಮೇಲೆ. ಕೇಬಲ್ ಇರುವ ಗಾಡಿಯಲ್ಲಿ ಕೇಬಲ್ ಜಾಸ್ತಿ ಬಿಗಿಯಾಗಿ ಪೆಡಲ್‌ಗೆ ಪ್ಲೇ, ಅಂದರೆ ಸ್ವಲ್ಪ ಸಡಿಲ, ಇಲ್ಲದೆ ಹೋದರೂ ಸ್ಲಿಪ್ ಆಗಬಹುದು, ಅದನ್ನು ಮೊದಲು ನೋಡಬೇಕು. ಬಿಡದಿದ್ದರೆ ಗೇರ್ ಬೀಳುವುದಿಲ್ಲ, ಗರಗರ ಎನ್ನುತ್ತದೆ. ಆಗ ಮೊದಲು ನೋಡಬೇಕಾದ್ದು ಹೊರಗಿನ ಭಾಗಗಳನ್ನು: ಕೇಬಲ್, ಇಲ್ಲವೇ ಕೇಬಲ್ ಬದಲು ಫ್ಲೂಯಿಡ್ ಒತ್ತಡದಿಂದ ಕೆಲಸ ಮಾಡುವ ಗಾಡಿಯಾದರೆ ಫ್ಲೂಯಿಡ್, ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರ್. ಪಂಪ್ ಮಾಡಿದಾಗ ಸರಿ ಹೋಗುತ್ತಿದೆ ಎಂದರೆ ಫ್ಲೂಯಿಡ್ ಲೈನಿನಲ್ಲಿ ಗಾಳಿ ಸೇರಿರಬೇಕು ಅಥವಾ ಎಲ್ಲೋ ಒತ್ತಡ ನಿಲ್ಲುತ್ತಿಲ್ಲ.

ಅವರು ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟನ್ನು ಸ್ವಲ್ಪ ಸರಿಸಿ ತೋರಿಸಿದರು. ಒಳಗೆ ಒದ್ದೆ. ಮೇಲಿನ ಡಬ್ಬಿಯಲ್ಲಿ ಫ್ಲೂಯಿಡ್ ಕಡಿಮೆಯಾಗಿತ್ತು, ಇದ್ದದ್ದೂ ಕರ್ರಗಾಗಿತ್ತು. ಈ ಫ್ಲೂಯಿಡ್ ಗಾಳಿಯಿಂದ ನೀರಿನ ಅಂಶ ಹೀರಿಕೊಳ್ಳುತ್ತದೆ, ವರ್ಷಗಟ್ಟಲೆ ಬದಲಿಸದಿದ್ದರೆ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಸೀಲು ಹಾಳಾಗುತ್ತದೆ. ಸಿಲಿಂಡರ್ ಬದಲಿಸಿ, ಹೊಸ ಫ್ಲೂಯಿಡ್ ಹಾಕಿ, ಏರ್ ತೆಗೆದರು. ಗೇರ್‌ಬಾಕ್ಸ್ ಮುಟ್ಟಲೇ ಇಲ್ಲ. ಅರ್ಧ ದಿನದ ಕೆಲಸ. ಫುಲ್ ಸೆಟ್ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಒಂದೇ ಎಚ್ಚರ, ಕೆಲವು ಗಾಡಿಗಳಲ್ಲಿ ಈ ಸಿಲಿಂಡರ್ ಗೇರ್‌ಬಾಕ್ಸಿನ ಶಾಫ್ಟ್ ಸುತ್ತ ಒಳಗೇ ಇರುತ್ತದೆ. ಅಂಥ ಗಾಡಿಯಲ್ಲಿ ಅದು ಸೋರಿದರೂ ಗೇರ್‌ಬಾಕ್ಸ್ ಇಳಿಸಲೇಬೇಕು, ಆಗ ಪ್ಲೇಟ್ ಹಳೆಯದಾಗಿದ್ದರೆ ಸೆಟ್ ಕೂಡ ಹಾಕಿಸಿ ಎನ್ನುವ ಮೆಕ್ಯಾನಿಕ್ ಮೋಸಗಾರನಲ್ಲ.

ಮೂರನೆಯದು ಅದೇ ಕಾರು, ಸುಮಾರು ಒಂದೂವರೆ ವರ್ಷ ಆದಮೇಲೆ. ಈ ಸಲ ಗೇರೆಲ್ಲ ಸಲೀಸು, ಆದರೆ ಪಿಕಪ್ ಸತ್ತಿದೆ. ಗ್ಯಾರೇಜಿಗೆ ಹೋಗುವ ಮುಂಚೆ ನಾನೇ ಪರೀಕ್ಷೆ ಮಾಡಿದೆ. ಖಾಲಿ ರಸ್ತೆಯಲ್ಲಿ ಟಾಪ್ ಗೇರ್ ಹಾಕಿ, 2000 ಆರ್‌ಪಿಎಂ ಹತ್ತಿರ ಓಡಿಸುತ್ತಾ ಒಮ್ಮೆಲೇ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಕ್ಲಚ್ ಚೆನ್ನಾಗಿದ್ದರೆ ಮುಳ್ಳೂ ವೇಗವೂ ಒಟ್ಟಿಗೆ ನಿಧಾನವಾಗಿ ಏರಬೇಕು. ನನ್ನ ಗಾಡಿಯಲ್ಲಿ ಮುಳ್ಳು ಹಾರಿತು, ವೇಗ ಏರಲಿಲ್ಲ. ನಿಂತಲ್ಲೇ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಕೊಂಡು, ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟು ಇಂಜಿನ್ ಆಫ್ ಆಗುತ್ತದೋ ನೋಡುವ ಪದ್ಧತಿಯೂ ಇದೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಅರ್ಧ ಸವೆದ ಕ್ಲಚ್ ಅದರಲ್ಲಿ ಪಾಸಾಗಿಬಿಡುತ್ತದೆ, ಪದೇ ಪದೇ ಮಾಡಿದರೆ ಇದ್ದದ್ದೂ ಸುಡುತ್ತದೆ. ಹಾಗೇ, ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ನಿಂತು ನಿಂತು ಒಂದು ದಿನ ಸುಟ್ಟ ವಾಸನೆ ಬಂದ ಮಾತ್ರಕ್ಕೆ ಸೆಟ್ ಬದಲಿಸಲು ಓಡಬೇಡಿ. ತಣ್ಣಗಾದ ಮೇಲೆ ಸ್ಲಿಪ್ ಇದೆಯಾ ನೋಡಿ.

ಸದ್ದಿನದ್ದೂ ಒಂದು ಮಾತು. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುವಾಗ ಕ್ಲಚ್ ಒತ್ತಿದರೆ ಸದ್ದು ಬಂದರೆ ಹೆಚ್ಚಾಗಿ ರಿಲೀಸ್ ಬೇರಿಂಗ್. ಒತ್ತಿದಾಗ ನಿಂತು, ಬಿಟ್ಟಾಗ ಬರುವ ಸದ್ದಾದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ಅದಕ್ಕೆ ಕ್ಲಚ್ ಸೆಟ್ ಹಾಕಿಸಿದರೆ ದುಡ್ಡೂ ಹೋಗುತ್ತದೆ, ಸದ್ದೂ ಉಳಿಯುತ್ತದೆ.

ಸಿಲಿಂಡರ್ ಹಾಕಿದ ಮೆಕ್ಯಾನಿಕ್ ಹತ್ತಿರವೇ ಹೋದೆ. ಅವರೂ ಓಡಿಸಿ ನೋಡಿ ಫುಲ್ ಸೆಟ್ ಎಂದರು. ಫ್ಲೈವೀಲ್? "ಬಿಚ್ಚಿದ ಮೇಲೆ ಹೇಳ್ತೀನಿ." ಇಂಜಿನ್ ಎಣ್ಣೆ ಕ್ಲಚ್ ಕಡೆ ಸೋರದಂತೆ ತಡೆಯುವ ಆಯಿಲ್ ಸೀಲ್? "ಒದ್ದೆ ಇದ್ದರೆ ಹಾಕೋಣ." ನನಗೆ ಧೈರ್ಯ ಕೊಟ್ಟದ್ದು ಈ ಎರಡು ಉತ್ತರ. ಕಾಣದೇ ಇರುವುದನ್ನು ಕಂಡಂತೆ ಹೇಳಲಿಲ್ಲ. ಬಿಚ್ಚಿದಾಗ ಕರೆಯಿರಿ ಎಂದಿದ್ದೆ, ಕರೆದರು. ಹಳೇ ಪ್ಲೇಟಿನ ಲೈನಿಂಗ್ ರಿವೆಟ್ ಮಟ್ಟಕ್ಕೆ ಬಂದಿತ್ತು. ಫ್ಲೈವೀಲ್ ಮೇಲೆ ಅಲ್ಲಲ್ಲಿ ಬಿಸಿಯಿಂದ ಆದ ನೀಲಿ ಕಲೆ, ಆದರೆ ಬಿರುಕಿಲ್ಲ, ಗೀರೂ ಆಳವಿಲ್ಲ. ನನ್ನದು ಸಾದಾ ಫ್ಲೈವೀಲ್ ಆದ್ದರಿಂದ ಲೇತ್‌ನಲ್ಲಿ ಮುಖ ಹೊಡೆಸಿ ಅದನ್ನೇ ಹಾಕಿದರು. ಒಳಗೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಆಗಿದ್ದು, ಅಲುಗಾಟ ಜಾಸ್ತಿಯಾಗಿದ್ದರೆ ಬದಲಿಸಬೇಕಾಗುತ್ತಿತ್ತು, ಅದರ ಬಿಲ್ಲೇ ಬೇರೆ. ಆಯಿಲ್ ಸೀಲ್ ಒದ್ದೆ ಇರಲಿಲ್ಲ, ಆದರೂ ಹೊಸದು ನಾನೇ ಹಾಕಿಸಿದೆ. ಸಣ್ಣ ಸಾಮಾನು, ನಾಳೆ ಅದು ಸೋರಿದರೆ ಹೊಸ ಪ್ಲೇಟಿಗೇ ಎಣ್ಣೆ, ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು. ಅವರು ಬೇಡ ಎಂದರೂ ನಾನು ಹಾಕಿಸಿದ ಒಂದೇ ವಸ್ತು ಅದು.

ಪಕ್ಕಪಕ್ಕ ಇಟ್ಟು ನೋಡಿದರೆ ನನ್ನ ಲೆಕ್ಕದಲ್ಲಿ ಬರೀ ಪ್ಲೇಟ್ ಹಾಕಿಸುವುದೇ ಎಲ್ಲಕ್ಕಿಂತ ದುಬಾರಿ, ಬಿಲ್ಲಿನಲ್ಲಿ ಅಗ್ಗ ಕಂಡರೂ. ಗಾಡಿಯನ್ನು ಸದ್ಯದಲ್ಲೇ ಮಾರುವವರಿಗೆ ಬೇಕಾದರೆ ಸರಿ, ಕೊಳ್ಳುವವರ ಪಾಡು ಬೇರೆ. ಸಿಲಿಂಡರ್ ರಿಪೇರಿ, ಬೇನೆ ಅದೇ ಆಗಿದ್ದರೆ ಮಾತ್ರ ಲಾಭ, ಸ್ಲಿಪ್ ಆಗುವ ಗಾಡಿಗೆ ಅದರಿಂದ ಏನೂ ಇಲ್ಲ. ಫುಲ್ ಸೆಟ್‌ಗೆ ಒಪ್ಪುವ ಮುಂಚೆ ನಾನು ಕೇಳುವುದು ಒಂದೇ ಪ್ರಶ್ನೆ: ಗಾಡಿ ಏನು ಮಾಡುತ್ತಿದೆ ಎಂದು ಇದನ್ನು ಹೇಳುತ್ತಿದ್ದೀರಿ? ಕಿಲೋಮೀಟರ್ ಲೆಕ್ಕ ಉತ್ತರವಾಗಿ ಬಂದರೆ ಕೀ ವಾಪಸ್ ಇಸಕೊಳ್ಳುತ್ತೇನೆ.

ಹಾಗಂತ ಆ ಮೊದಲ ಗ್ಯಾರೇಜಿನವರು ಮೋಸ ಮಾಡಲು ಹೊರಟಿದ್ದರು ಎನ್ನಲಾರೆ. ಒಂದೂವರೆ ವರ್ಷ ಬಿಟ್ಟು ಅವರು ಹೇಳಿದ ಸೆಟ್ಟೇ ಬಿತ್ತಲ್ಲ. ಆದರೆ ಅವತ್ತು ಹಾಕಿಸಿದ್ದರೆ ಸೋರುವ ಸಿಲಿಂಡರ್ ಹಾಗೇ ಇರುತ್ತಿತ್ತು, ಮರುದಿನ ಬೆಳಿಗ್ಗೆ ಹೊಸ ಕ್ಲಚ್ ಇದ್ದೂ ರಿವರ್ಸ್ ಗರ್ ಎನ್ನುತ್ತಿತ್ತು.