ಕಾರಿನೊಳಗೆ ನೀರು: ಡ್ಯಾಶ್‌ಬೋರ್ಡ್ ಬಿಚ್ಚಲು ಒಪ್ಪುವ ಮುಂಚೆ ಕಾರಿನಡಿಗೆ ಒಮ್ಮೆ ಬಗ್ಗಿ ನೋಡಿ

ನನ್ನ ಕೈಯಿಂದ ಹೋದದ್ದು ಒಟ್ಟು 14,200 ರೂಪಾಯಿ. ಕೊನೆಗೆ ರಿಪೇರಿಗೆ ಬೇಕಾದದ್ದು ಒಂದು ಬ್ಲೇಡು ಮತ್ತು ಒಂದು ಮೊಳ ನೈಲಾನ್ ದಾರ. ಮಳೆಗಾಲಕ್ಕೆ ಮುಂಚೆ ಕಾರಿನ ತಳಕ್ಕೆ ತುಕ್ಕು ತಡೆಯುವ ಅಂಡರ್‌ಬಾಡಿ ಕೋಟಿಂಗ್ ಮಾಡಿಸುವವರು, ಒಳಗಿನ ನೆಲವನ್ನು ಪೂರ್ತಿ ಮುಚ್ಚುವ ಸೆವೆನ್-ಡಿ ಮ್ಯಾಟ್ ಹಾಕಿಸಿದವರು, ಎ.ಸಿ. ಹಾಕಿದಾಗ ಎಡಗಡೆ ಸೀಟಿನ ಕಾಲಡಿಯಲ್ಲಿ ಒದ್ದೆ ಕಂಡವರು ಇದನ್ನು ಓದಿ. ದುಡ್ಡು ಉಳಿದೀತು.

ನಾವಿರುವುದು ಮಂಗಳೂರಿನಲ್ಲಿ. ಇಲ್ಲಿಯ ಉಪ್ಪುಗಾಳಿಗೆ ಕಾರಿನ ತಳ ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನನ್ನದು ಹತ್ತು ವರ್ಷ ಹಳೆಯ ಸಣ್ಣ ಕಾರು. ಮಾರ್ಚ್ ಕೊನೆಗೆ ಒಂದು ಅಂಗಡಿಯಲ್ಲಿ ಪ್ಯಾಕೇಜ್ ಇತ್ತು: ಅಡಿಗೆ ಕಪ್ಪು ಕೋಟಿಂಗ್, ಒಳಗೆ ಸೆವೆನ್-ಡಿ ಮ್ಯಾಟ್, ಮೇಲೆ ಪಾಲಿಶ್. ಸಂಜೆಯೊಳಗೆ ಕೊಟ್ಟರು. ಕಾರು ಹೊಸದರ ಹಾಗೆ ಹೊಳೆಯುತ್ತಿತ್ತು, ನಾನೂ ಖುಷಿಯಾಗಿದ್ದೆ.

ಮೊದಲು ಬಂದದ್ದು ವಾಸನೆ. ಏಪ್ರಿಲ್ ಮಧ್ಯದಲ್ಲಿ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ನಾತ. ಮಲ್ಲಿಗೆ ಪರಿಮಳದ ಒಂದು ಡಬ್ಬಿ ತಂದು ಕನ್ನಡಿಗೆ ತೂಗುಹಾಕಿದೆ. ಆಮೇಲೆ ಒದ್ದೆ ಗೋಣಿಚೀಲದ ಒಳಗೆ ಮಲ್ಲಿಗೆ ಇಟ್ಟ ಹಾಗಿನ ವಾಸನೆ ಬಂತು, ಅಷ್ಟೇ. ಬೆಳಿಗ್ಗೆ ಗಾಜಿನ ಒಳಗಡೆ ಮಂಜು ಕಟ್ಟಿರುತ್ತಿತ್ತು. ಏಪ್ರಿಲ್‌ನ ಸೆಕೆಯಲ್ಲಿ, ಮಳೆಯ ಹನಿಯೇ ಇಲ್ಲದಾಗ, ಗಾಜಿನ ಒಳಗೆ ಹಬೆ ಯಾಕೆ ಎಂದು ಆಗಲೇ ಯೋಚಿಸಬೇಕಿತ್ತು. ಒಳಗೆಲ್ಲೋ ನೀರು ನಿಂತಿದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ನಾನು ಒರೆಸಿಕೊಂಡು ಓಡಾಡಿದೆ.

ಮೇ ತಿಂಗಳಲ್ಲಿ ಹಾಸನದಲ್ಲೊಂದು ಮದುವೆ. ಅಮ್ಮನಿಗೆ ಮಂಡಿನೋವು, ಹಾಗಾಗಿ ಮುಂದಿನ ಸೀಟಿನಲ್ಲಿ ಕೂರಿಸಿದ್ದೆ. ಉಪ್ಪಿನಂಗಡಿ ದಾಟಿ ಶಿರಾಡಿ ಘಾಟಿ ಹತ್ತುವಾಗ ಬಲಕ್ಕೊಂದು ತಿರುವು ತೆಗೆದುಕೊಂಡೆ ನೋಡಿ, ಡ್ಯಾಶ್‌ಬೋರ್ಡಿನ ಅಡಿಯಿಂದ ಬಳಕ್ಕನೆ ತಣ್ಣೀರು ಅಮ್ಮನ ಪಾದದ ಮೇಲೆ ಬಿತ್ತು. "ಎಂತದಾ ಇದು, ಬಾಟ್ಲಿ ಮಗುಚಿತಾ?" ಎಂದರು. ಬಾಟಲಿ ಹಿಂದಿನ ಸೀಟಿನಲ್ಲಿತ್ತು. ಮುಂದಿನ ಬಲ ತಿರುವಿಗೆ ಮತ್ತೊಮ್ಮೆ. ಸಕಲೇಶಪುರ ಮುಟ್ಟುವಷ್ಟರಲ್ಲಿ ಅಮ್ಮನ ಸೀರೆಯ ಅಂಚು ಒದ್ದೆ, ಚಪ್ಪಲಿ ಒದ್ದೆ, ನನಗೆ ಬೈಗುಳ ಬೇರೆ.

ಊರಿಗೆ ವಾಪಸ್ ಬಂದವನೇ ಹತ್ತಿರದ ಗ್ಯಾರೇಜಿಗೆ ಹೋದೆ. ಬಾನೆಟ್ ಎತ್ತಿದವನು ಎರಡು ನಿಮಿಷದಲ್ಲಿ "ಗ್ಯಾಸ್ ಕಮ್ಮಿ ಆಗಿದೆ" ಎಂದ. ಎ.ಸಿ. ಚೆನ್ನಾಗಿ ತಣ್ಣಗೆ ಬರುತ್ತಿದೆಯಲ್ಲ ಎಂದರೆ, "ಅದೇ ಸರ್, ಕಾಯಿಲ್ ಐಸ್ ಕಟ್ಟಿ ನೀರು ಬರೋದು" ಎಂದ. ಇದರಲ್ಲಿ ಒಂದು ಪಾಲು ನಿಜ ಇದೆ, ಅದಕ್ಕೇ ನಾನು ಬಿದ್ದದ್ದು. ಗ್ಯಾಸ್ ಕಡಿಮೆಯಾದರೆ, ಅಥವಾ ಕ್ಯಾಬಿನ್ ಫಿಲ್ಟರ್ ಕಟ್ಟಿ ಗಾಳಿ ಸರಿಯಾಗಿ ಹಾಯದಿದ್ದರೆ, ಡ್ಯಾಶ್‌ಬೋರ್ಡಿನೊಳಗೆ ಗಾಳಿಯನ್ನು ತಂಪು ಮಾಡುವ ಕಾಯಿಲ್ ಮೇಲೆ ಮಂಜುಗಡ್ಡೆ ಕೂರುತ್ತದೆ, ಎ.ಸಿ. ಆರಿಸಿದ ಮೇಲೆ ಅದು ಕರಗಿ ಒಮ್ಮೆಲೇ ನೀರಾಗುತ್ತದೆ. ಆದರೆ ಐಸ್ ಕಟ್ಟಿದರೆ ಮೊದಲು ಗಾಳಿಯ ರಭಸ ಕಡಿಮೆಯಾಗಬೇಕು, ತಂಪು ಹೋಗಬೇಕು. ನನ್ನ ಕಾರಿನಲ್ಲಿ ಎರಡೂ ಆಗಿರಲಿಲ್ಲ. ಇನ್ನೊಂದು ಮಾತು: ಎ.ಸಿ. ಗ್ಯಾಸ್ ಪೆಟ್ರೋಲ್ ಹಾಗೆ ಓಡಿಸಿದಷ್ಟೂ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ, ಆ ಜಾಗ ಹುಡುಕದೆ ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. ಎಷ್ಟು ಗ್ರಾಂ ಬೇಕೆಂದು ಸಾಮಾನ್ಯವಾಗಿ ಬಾನೆಟ್ ಒಳಗಿನ ಸ್ಟಿಕರ್‌ನಲ್ಲೇ ಬರೆದಿರುತ್ತದೆ. ಅವನು ಅದನ್ನು ನೋಡಲೂ ಇಲ್ಲ, ತೂಗಲೂ ಇಲ್ಲ. 1,800 ರೂಪಾಯಿ.

ನೀರು ನಿಲ್ಲಲಿಲ್ಲ.

ಎರಡನೆಯದು ಎ.ಸಿ.ಗೇ ಹೆಸರಾದ ವರ್ಕ್‌ಶಾಪ್ ಎಂದು ಯಾರೋ ಹೇಳಿದರು. ಅಲ್ಲಿ ಸಿಕ್ಕಿದ ತೀರ್ಪು: "ಕೂಲಿಂಗ್ ಕಾಯಿಲ್ ಲೀಕ್. ಡ್ಯಾಶ್‌ಬೋರ್ಡ್ ಬಿಚ್ಚಬೇಕು." ನಾನು ತಲೆ ಆಡಿಸಿದೆ. ಈಗ ನೆನೆದರೆ ನನ್ನ ಮೇಲೇ ನಗು ಬರುತ್ತದೆ. ಆ ಕಾಯಿಲ್‌ನೊಳಗೆ ಇರುವುದು ಗ್ಯಾಸ್ ಮತ್ತು ಸ್ವಲ್ಪ ಎಣ್ಣೆ, ನೀರಲ್ಲ. ಅದು ತೂತಾದರೆ ಗ್ಯಾಸ್ ಹೋಗಿ ಗಾಳಿ ಬಿಸಿಯಾಗುತ್ತದೆಯೇ ಹೊರತು ಕಾಲಿನ ಮೇಲೆ ನೀರು ಸುರಿಯುವುದಿಲ್ಲ. ಫ್ರಿಜ್‌ನಿಂದ ತೆಗೆದಿಟ್ಟ ಮಜ್ಜಿಗೆ ಲೋಟ ಹೊರಗಡೆ ಬೆವರುತ್ತದಲ್ಲ, ಕಾರಿನೊಳಗಿನ ನೀರು ಅದೇ ಬೆವರು. ಗಾಳಿಯ ತೇವ ತಣ್ಣನೆಯ ಕಾಯಿಲ್‌ಗೆ ತಾಗಿ ಹನಿಯಾಗಿ, ಅಡಿಯ ತಟ್ಟೆಗೆ ಇಳಿದು, ಅಲ್ಲಿಂದ ಒಂದು ರಬ್ಬರ್ ಪೈಪಿನಲ್ಲಿ ಇಂಜಿನ್ ಕಡೆಯ ಗೋಡೆ ದಾಟಿ ರಸ್ತೆಗೆ ಬೀಳಬೇಕು. ನಮ್ಮ ಕರಾವಳಿಯ ಹವೆಗೆ ಗಂಟೆಗೆ ಒಂದು ಲೀಟರಿನ ಆಸುಪಾಸು ನೀರು ಹೀಗೆ ಇಳಿಯಬಹುದು. ಪೈಪ್ ಕಟ್ಟಿದರೆ ತಟ್ಟೆ ತುಂಬುತ್ತದೆ, ತಿರುವಿನಲ್ಲಿ ಚೆಲ್ಲುತ್ತದೆ. ಲೋಟ ಬೆವರಿತೆಂದು ಲೋಟವನ್ನೇ ಬದಲಾಯಿಸಿದವನು ನಾನು.

ಎರಡು ದಿನ ಕಾರು ಅಲ್ಲೇ ಇತ್ತು. ವಾಪಸ್ ತರಲು ಹೋದಾಗ ಬಿಲ್ 11,500, ಅದರ ಮೇಲೆ ಬರೆದದ್ದು "ಎ.ಸಿ. ಕೆಲಸ" ಎಂದು ಮಾತ್ರ. ಪಾರ್ಟ್ ನಂಬರ್ ಇಲ್ಲ, ವಾರಂಟಿ ಇಲ್ಲ. ಹಳೆಯ ಕಾಯಿಲ್ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ, ಹಾಗಾಗಿ ಹೊಸದು ಹಾಕಿದ್ದಾರೋ ಹಳೆಯದನ್ನೇ ತೊಳೆದು ಕೂರಿಸಿದ್ದಾರೋ ಆ ದೇವರೇ ಬಲ್ಲ. ನೀವಾದರೂ ಡ್ಯಾಶ್‌ಬೋರ್ಡ್ ಬಿಚ್ಚಿಸುವ ಪ್ರಸಂಗ ಬಂದರೆ ಎದುರು ನಿಂತುಕೊಳ್ಳಿ, ಹಳೆಯ ಭಾಗವನ್ನು ಡಿಕ್ಕಿಗೆ ಹಾಕಿಸಿಕೊಂಡೇ ಬನ್ನಿ. ಡ್ಯಾಶ್‌ಬೋರ್ಡಿನ ಒಳಗೆ ಏರ್‌ಬ್ಯಾಗ್ ವೈರುಗಳೂ ಇರುತ್ತವೆ, ಮೊದಲು ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಬೇಕು. ನನ್ನ ಕಾರಿನಲ್ಲಿ ಹಾಗೆ ಮಾಡಿದರೋ ಇಲ್ಲವೋ, ಬಂದ ದಿನದಿಂದ ಏರ್‌ಬ್ಯಾಗ್ ದೀಪ ಮಾತ್ರ ಆರಿಲ್ಲ. ಗ್ಲೋವ್ ಬಾಕ್ಸ್ ಒಂದು ಬದಿ ಎದ್ದುಕೊಂಡಿದೆ. ಹೊಂಡ ಸಿಕ್ಕಿದಲ್ಲೆಲ್ಲ ಎಲ್ಲೋ ಒಂದು ಕ್ಲಿಪ್ಪು ಕಟಕಟ ಎನ್ನುತ್ತದೆ, ನಮ್ಮ ರಸ್ತೆಗಳಲ್ಲಿ ಅದಕ್ಕೆ ಪುರುಸೊತ್ತೇ ಇಲ್ಲ.

ಎರಡು ದಿನ ಒಣಗಿತ್ತು. ಆ ಎರಡು ದಿನ ನಾನು ಕಾರು ತೆಗೆದದ್ದು ತರಕಾರಿ ಅಂಗಡಿಗೆ ಮಾತ್ರ. ಮೂರನೆಯ ದಿನ ಉಡುಪಿಗೆ ಹೋಗಿ ಬರುವಾಗ ಮತ್ತೆ ಬಳಕ್. ಫೋನ್ ಮಾಡಿದರೆ, "ಅದು ಎ.ಸಿ. ನೀರಲ್ಲ ಸರ್, ಮಳೆ ನೀರು" ಎಂದರು. ಅಷ್ಟರಲ್ಲಿ ಜೂನ್ ಬಂದಿತ್ತು, ಮಳೆ ಹಿಡಿದಿತ್ತು, ಮಾತು ನಂಬುವಂತೆಯೇ ಇತ್ತು. ಗಾಜಿನ ಅಂಚಿಗೆ ಸೀಲಂಟ್ ಬಳಿಸಿಕೊಂಡೆ. 900.

ಉತ್ತರ ಸಿಕ್ಕಿದ್ದು ನಮ್ಮ ಮಲಗುವ ಕೋಣೆಯಲ್ಲಿ. ಮನೆಯ ಸ್ಪ್ಲಿಟ್ ಎ.ಸಿ. ಗೋಡೆಗೆ ನೀರು ಇಳಿಸತೊಡಗಿತ್ತು, ಸರ್ವಿಸ್‌ಗೆ ಒಬ್ಬ ಹುಡುಗ ಬಂದ. ಡ್ರೈನ್ ಪೈಪ್ ಬಿಡಿಸಿ, ಲೋಳೆಯಂತಹ ಕೊಳೆ ತೆಗೆದು, ಹತ್ತು ನಿಮಿಷದಲ್ಲಿ ಮುಗಿಸಿದ. ಚಾ ಕುಡಿಯುವಾಗ ನಾನು ಕಾರಿನ ಕಥೆ ತೆಗೆದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಎ.ಸಿ. ಹಾಕಿದ್ರೆ ಕಾರಿನ ಅಡಿಯಲ್ಲಿ ನೀರು ಬೀಳ್ತದಾ?"

"ಮೊದಲು ಬೀಳ್ತಿತ್ತು."

"ಈಗ?"

ನನಗೆ ಗೊತ್ತಿರಲಿಲ್ಲ. ಎರಡು ವರ್ಕ್‌ಶಾಪ್, ಎರಡೂವರೆ ತಿಂಗಳು, ಯಾರೂ ಕೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಕಾರನ್ನು ಪೋರ್ಟಿಕೋದ ಒಣ ಸಿಮೆಂಟಿನ ಮೇಲೆ ನಿಲ್ಲಿಸಿ ಇಪ್ಪತ್ತು ನಿಮಿಷ ಎ.ಸಿ. ಓಡಿಸಿದೆವು. ನೆಲದ ಮೇಲೆ ಒಂದು ಹನಿ ಇಲ್ಲ. "ಹಾಗಾದ್ರೆ ಒಳಗೆ ಬರ್ಲೇಬೇಕಲ್ಲ ಸರ್, ಅದು ಮತ್ತೆಲ್ಲಿಗೆ ಹೋಗ್ಲಿಕ್ಕೆ?"

ಮರುದಿನ ಪರಿಚಯದ ಟೈರ್ ಅಂಗಡಿಯಲ್ಲಿ ಕಾರನ್ನು ರ‍್ಯಾಂಪಿಗೆ ಏರಿಸಿ ಅಡಿಯಿಂದ ನೋಡಿದೆವು. ಇಂಜಿನ್ ಹಿಂದಿನ ಗೋಡೆಯಿಂದ ಹೆಬ್ಬೆರಳಿನಷ್ಟು ಹೊರಬಂದ ಒಂದು ರಬ್ಬರ್ ಮೂತಿ. ಸುತ್ತ ಎಲ್ಲದರ ಹಾಗೆ ಅದೂ ಕಪ್ಪು. ಕೋಟಿಂಗ್ ಹೊಡೆದವನು ಅದಕ್ಕೆ ಟೇಪ್ ಸುತ್ತಿ ಮುಚ್ಚದೆ, ಬಾಯಿಯ ಮೇಲೇ ಸ್ಪ್ರೇ ಮಾಡಿ ಬೆಣೆ ಜಡಿದಂತೆ ಮುಚ್ಚಿಬಿಟ್ಟಿದ್ದ. ಬ್ಲೇಡಿನಿಂದ ತುದಿಯ ಆ ಪದರ ಕೆತ್ತಿ, ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಒಳಗೆ ತೂರಿಸಿದ್ದೇ ತಡ, ಅರ್ಧ ಚೊಂಬಿನಷ್ಟು ಕಂದು ನೀರು ನನ್ನ ತೋಳಿನ ಮೇಲೆ ಇಳಿಯಿತು. ಆ ನಾತ ಗುರುತು ಸಿಕ್ಕಿತು.

ದಾರವನ್ನೇ ಬಳಸಿದ್ದಕ್ಕೆ ಕಾರಣ ಇದೆ. ಗಟ್ಟಿ ಕಂಬಿ ಹಾಕಿದರೆ ಪೈಪ್ ತೂತಾಗಬಹುದು, ಆಳಕ್ಕೆ ಹೋದರೆ ಕಾಯಿಲ್‌ಗೇ ಚುಚ್ಚಬಹುದು. ಆಗ ನಿಜವಾಗಿಯೂ ಕಾಯಿಲ್ ಬದಲಾಯಿಸಬೇಕಾಗುತ್ತದೆ. ಟೈರ್ ಅಂಗಡಿಯವನು ಗಾಳಿ ಪೈಪ್ ಎತ್ತಿಕೊಂಡು ಬಂದಿದ್ದ, ಬೇಡ ಎಂದೆವು. ಟೈರಿಗೆ ಹಾಕುವ ರಭಸದ ಗಾಳಿ ಅಡಿಯಿಂದ ಬಿಟ್ಟರೆ ಕೊಳೆ ತಿರುಗಿ ಕಾಯಿಲ್‌ಗೆ ಹೋಗಿ ಅಂಟುತ್ತದೆ, ಪೈಪ್ ಒಳಗಿನ ಜಾಯಿಂಟ್‌ನಿಂದ ಕಳಚಿದರೂ ಕಳಚಬಹುದು.

ಎಲ್ಲರ ಕಾರಿಗೂ ಕೋಟಿಂಗೇ ಕಾರಣ ಎನ್ನುತ್ತಿಲ್ಲ. ಧೂಳು, ಎಲೆಚೂರು, ಪಾಚಿ, ಕಣಜ ಕಟ್ಟಿದ ಮಣ್ಣಿನ ಗೂಡು, ಏನೂ ಇರಬಹುದು. ಎ.ಸಿ. ಆರಿಸಿದ್ದರೂ ಜೋರು ಮಳೆಗೆ ಮಾತ್ರ ಒದ್ದೆಯಾಗುವುದಾದರೆ ಅದು ಬೇರೆ ಕಥೆ. ವೈಪರ್ ಬುಡದ ಜಾಲರಿಯಲ್ಲಿ ಎಲೆ ಕಟ್ಟಿದೆಯೇ, ಬಾಗಿಲ ರಬ್ಬರ್ ಸರಿಯಿದೆಯೇ ನೋಡಿ. ಒಳಗೆ ಬಿದ್ದ ನೀರಿಗೆ ಬಣ್ಣ ಇದ್ದು, ಬೆರಳಿಗೆ ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಇಂಜಿನ್ ತಂಪಾಗಿಡುವ ದ್ರವ, ಕೂಲಂಟ್. ನಾವು ಮಂಗಳೂರಿನವರು ಜನ್ಮದಲ್ಲಿ ಹೀಟರ್ ಹಾಕುವುದಿಲ್ಲ, ಆದರೂ ಡ್ಯಾಶ್‌ಬೋರ್ಡಿನೊಳಗಿನ ಹೀಟರ್ ಕೋರ್‌ನಲ್ಲಿ ಕೂಲಂಟ್ ಇದ್ದೇ ಇರುತ್ತದೆ. ಅಂಥ ಗಾಡಿಯನ್ನು ಓಡಿಸುತ್ತಾ ಇದ್ದರೆ ಇಂಜಿನ್ ಕಾದು ಕೂರುತ್ತದೆ. ಮೊದಲನೆಯ ಗ್ಯಾರೇಜಿನವನು ಆ ನೀರನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿ ನೋಡಿದ್ದ. ದಯವಿಟ್ಟು ಹಾಗೆ ಮಾಡಬೇಡಿ, ಕೂಲಂಟ್ ವಿಷ.

ನೀರು ನಿಂತ ಮೇಲೂ ನನ್ನ ಕೆಲಸ ಮುಗಿಯಲಿಲ್ಲ. ಸೆವೆನ್-ಡಿ ಮ್ಯಾಟ್ ಮೇಲಿನಿಂದ ಒಣಗಿ, ಚೊಕ್ಕವಾಗಿ ಕಾಣುತ್ತಿತ್ತು. ಎತ್ತಿದರೆ ಅಡಿಯ ಕಾರ್ಪೆಟ್ಟು, ಅದರಡಿಯ ಸ್ಪಂಜು ಹಿಂಡಿದರೆ ನೀರು ಸುರಿಯುವಷ್ಟು ನೆನೆದಿತ್ತು. ಎರಡೂವರೆ ತಿಂಗಳ ನೀರನ್ನು ಆ ಮ್ಯಾಟು ಕಣ್ಣಿಗೆ ಕಾಣದಂತೆ ಮುಚ್ಚಿ ಕಾಪಾಡಿತ್ತು. ಸ್ಪಂಜಿನ ಪಕ್ಕದಲ್ಲೇ ವೈರಿನ ಕಂತೆ ಹಾದುಹೋಗುತ್ತದೆ, ಒಂದು ಕನೆಕ್ಟರ್‌ನ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿತ್ತು. ನೆಲದ ತಗಡಿನಲ್ಲಿ ಕಾಸಿನಗಲ ತುಕ್ಕು. ಹೊರಗಿನ ತುಕ್ಕು ತಪ್ಪಿಸಲು ಮಾಡಿಸಿದ ಕೋಟಿಂಗ್ ಒಳಗಿನಿಂದ ತುಕ್ಕು ತಂದಿತು. ಜೂನ್ ಮಳೆಯಲ್ಲಿ ಬಿಸಿಲೆಲ್ಲಿಂದ ತರುವುದು? ಸೀಟು ಬಿಚ್ಚಿ, ಸ್ಪಂಜು ತೆಗೆದು, ಚಾವಡಿಯಲ್ಲಿ ಫ್ಯಾನಿನಡಿ ಆರು ದಿನ ಒಣಗಿಸಿದೆವು. ಮನೆಯವಳ ಅಭಿಪ್ರಾಯ ಇಲ್ಲಿ ಬರೆಯುವ ಹಾಗಿಲ್ಲ.

ಕೋಟಿಂಗ್ ಅಂಗಡಿಗೆ ಹೋಗಿ ಕೆತ್ತಿ ತೆಗೆದ ಕಪ್ಪು ಬಿರಡೆಯನ್ನೇ ಮೇಜಿನ ಮೇಲಿಟ್ಟೆ. ಮಾಲೀಕ ಅದನ್ನು ಎತ್ತಿ ಹಿಂದೆ ಮುಂದೆ ನೋಡಿ, ಕೆಲಸದ ಹುಡುಗ ಊರಿಗೆ ಹೋಗಿದ್ದಾನೆ ಎಂದ. ನಾನು ಸುಮ್ಮನೆ ನಿಂತೇ ಇದ್ದೆ. ಸ್ವಲ್ಪ ಹೊತ್ತು ಬಿಟ್ಟು, "ಬೇಜಾರು ಮಾಡ್ಬೇಡಿ ಮಾರಾಯ್ರೆ, ಮುಂದಿನ ವರ್ಷದ ಕೋಟಿಂಗ್‌ಗೆ ಡಿಸ್ಕೌಂಟ್ ಕೊಡ್ತೇನೆ" ಎಂದ.