ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್: ಆರು ವರ್ಷ ಬಳಸಿದ ಮೇಲೆ, ಮುಂಬೈಯಿಂದ

ಹಡಗಿಗೆ ಹೋಗುತ್ತಿದ್ದ ಅಜ್ಜನ ಹೆಸರನ್ನು ಟೈಪ್ ಮಾಡಿ, ಏನೂ ಸಿಗದೆ ಕೈಬಿಟ್ಟ ಮನೆಗಳು ಮಾಟುಂಗ, ವಡಾಲ, ಡೊಂಬಿವಲಿಯ ಕನ್ನಡಿಗರಲ್ಲಿ ಬೇಕಾದಷ್ಟಿವೆ. ಕಾರವಾರ, ಹೊನ್ನಾವರ, ಮಲ್ಪೆ ಕಡೆಯಿಂದ ಬಂದು ಮುಂಬೈ ಬಂದರಿನಲ್ಲಿ ಹಡಗು ಹತ್ತಿದವರ ಮೊಮ್ಮಕ್ಕಳಿಗೆ ಉಪಯೋಗವಾಗಲಿ ಎಂದು ಇದನ್ನು ಬರೆದದ್ದು. ಹಳೆಯ ಬ್ರಿಟಿಷ್ ಹಡಗುಗಳ ಮಾಹಿತಿ ಹುಡುಕಲು ಬ್ರಿಟನ್ನಿನ ಸ್ವಯಂಸೇವಕರು ಕಟ್ಟಿದ, ಕಾಸು ಕೇಳದ ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ಎಂಬ ಈ ಜಾಲತಾಣಕ್ಕೆ ಬಳಸುವವರು ಕ್ಲಿಪ್ ಅನ್ನುತ್ತಾರೆ. ಇಲ್ಲಿ ಆಳಿನ ಹೆಸರಿಗಿಂತ ಹಡಗಿಗೆ ಬೆಲೆ ಹೆಚ್ಚು. ನಮ್ಮವರನ್ನು ಹುಡುಕುವುದಕ್ಕೆ ಅದೇ ಸರಿಯಾದ ದಾರಿ.

ಹೆಸರಿನ ದಾರಿ ಯಾಕೆ ಮುಚ್ಚಿದೆ ಅಂದರೆ, ಭಾರತೀಯ ಖಲಾಸಿಗಳು ಬಿಳಿಯರ ಪಟ್ಟಿಯಲ್ಲಿ ಸಹಿ ಹಾಕುತ್ತಿರಲಿಲ್ಲ. ಅವರಿಗೆ ಲಸ್ಕರ್ (ಅಂದರೆ ಭಾರತದ ಕಡೆಯ ನಾವಿಕ) ಒಪ್ಪಂದ ಅಂತ ಪ್ರತ್ಯೇಕ ಹಾಳೆ. ಆ ಹಾಳೆ ಉಳಿದಿದ್ದರೂ ಹೆಸರು ಬರೆದವನು ಬೊಂಬಾಯಿಯ ಗುಮಾಸ್ತ. ವೆಂಕಪ್ಪನ ‘ವಿ’ ಜಾಗದಲ್ಲಿ ಡಬ್ಲ್ಯು ಬಂದಿರುತ್ತದೆ, ಎರಡು ‘ಪಿ’ ಇರಬೇಕಾದಲ್ಲಿ ಒಂದೇ ಇರುತ್ತದೆ, ತಂದೆಯ ಹೆಸರು ಅಡ್ಡಹೆಸರಾಗಿ ಕೂತಿರುತ್ತದೆ. ಊರಿನ ಕಥೆಯೂ ಅಷ್ಟೆ: ಹೊನ್ನಾವರ ಹೋದರೆ ‘ಓನೋರ್’, ಕುಮಟಾ ಹೋದರೆ ‘ಕೂಂಪ್ಟಾ’. ವಯಸ್ಸಂತೂ ಕಣ್ಣಂದಾಜು.

ಹಾಗಾಗಿ ಮೊದಲು ತೆರೆಯಬೇಕಾದ್ದು ಮನೆಯ ಟ್ರಂಕು. ಅದರಲ್ಲಿ ಡಿಸ್ಚಾರ್ಜ್ ಪುಸ್ತಕ ಇದ್ದರೆ, ಅಂದರೆ ನಾವಿಕನ ಪ್ರಯಾಣಗಳನ್ನು ಬರೆದಿಡುವ ಪುಸ್ತಕ, ಇಂದಿನ ಸಿಡಿಸಿಯ ಹಿರಿಯಣ್ಣ, ಅರ್ಧ ಕೆಲಸ ಆದಂತೆ. ಒಂದು ಪ್ರಯಾಣಕ್ಕೆ ಒಂದು ಸಾಲು: ಹಡಗಿನ ಹೆಸರು, ಅಫೀಶಿಯಲ್ ನಂಬರ್, ನೋಂದಣಿಯ ಬಂದರು, ಟನ್ನೇಜು, ಹತ್ತಿದ ದಿನ ಮತ್ತು ಜಾಗ, ಇಳಿದ ದಿನ ಮತ್ತು ಜಾಗ, ಹುದ್ದೆ, ಕೊನೆಗೆ ಕೆಲಸಕ್ಕೊಂದು ನಡತೆಗೊಂದು ‘ವೆರಿ ಗುಡ್’ ಮುದ್ರೆ. ಮುದ್ರೆ ನೋಡಿ ಹಿಗ್ಗಬೇಡಿ, ಅದು ಬಹುಮಟ್ಟಿಗೆ ಎಲ್ಲರಿಗೂ ಬೀಳುತ್ತಿತ್ತು. ಆ ಜಾಗದಲ್ಲಿ ‘ಡಿಕ್ಲೈನ್ ಟು ರಿಪೋರ್ಟ್’ ಇದ್ದರೆ ಮಾತ್ರ ಏನೋ ಗಲಾಟೆ ಆಗಿದೆ ಅಂತ ಅರ್ಥ. ನಮಗೆ ಬೇಕಾದ್ದು ಅಫೀಶಿಯಲ್ ನಂಬರು. 1854ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ ನಂತರ ಬ್ರಿಟಿಷ್ ನೋಂದಣಿಯ ಪ್ರತಿ ಹಡಗಿಗೂ ಒಂದು ನಂಬರು ಕೊಟ್ಟು ಅದನ್ನು ಮುಖ್ಯ ತೊಲೆಯ ಮೇಲೆ ಕೆತ್ತಿಸುತ್ತಿದ್ದರು. ಹಡಗು ಮಾರಾಟವಾಗಲಿ, ಹೆಸರು ಬದಲಾಗಲಿ, ನಂಬರು ಅದೇ. ಮುಳುಗಿದರೂ ಇನ್ನೊಂದಕ್ಕೆ ಕೊಡುತ್ತಿರಲಿಲ್ಲ.

ಬರೀ ಹೆಸರು ನಂಬಿದರೆ ಎಡವುವುದು ಖಂಡಿತ. ಬ್ರಿಟಿಷ್ ಇಂಡಿಯಾ ಕಂಪನಿಯ ‘ಕರಂಜಾ’ ತೆಗೆದುಕೊಳ್ಳಿ. ಒಂದು 1931ರದ್ದು, 1942ರ ನವೆಂಬರಿನಲ್ಲಿ ಅಲ್ಜೀರಿಯಾದ ಬೂಜಿ ಬಳಿ ಬಾಂಬಿಗೆ ಸಿಕ್ಕಿ ಮುಳುಗಿತು. ಇನ್ನೊಂದು 1948ರದ್ದು, ಮುಂಬೈ–ಪೂರ್ವ ಆಫ್ರಿಕಾ ಓಡುತ್ತಿತ್ತು. ‘ಅಜ್ಜ ಕರಂಜಾದಲ್ಲಿದ್ದರು’ ಅಂದರೆ ಯಾವ ಕರಂಜಾ?

ಪುಸ್ತಕ ಮುಂಬೈಯ ಮಳೆಗಾಲಗಳನ್ನು ಕಂಡಿರುತ್ತದೆ. ನೇರಳೆ ಮುದ್ರೆಯ ಶಾಯಿ ಮೊದಲು ಮಾಸುತ್ತದೆ. ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಲ್ಲಿ ಫೋಟೋ ತೆಗೆದು, ಯಾವುದಾದರೂ ಫೋಟೋ ಎಡಿಟರಿನಲ್ಲಿ ಹಸಿರು ಚಾನೆಲ್ ಮಾತ್ರ ಉಳಿಸಿಕೊಳ್ಳಿ. ನೇರಳೆ ಬಣ್ಣ ಹಸಿರನ್ನು ಹೀರುತ್ತದೆ, ಅದಕ್ಕೇ ಅಕ್ಷರ ಕಪ್ಪಾಗಿ ಎದ್ದು ಬರುತ್ತದೆ. ಲ್ಯಾಮಿನೇಶನ್, ಸೆಲೊಟೇಪು ಎರಡೂ ಬೇಡವೇ ಬೇಡ. ಓದುವಾಗ 1 ಮತ್ತು 7, 3 ಮತ್ತು 8, 5 ಮತ್ತು 6 ಅದಲುಬದಲಾಗುತ್ತವೆ.

ಆ ನಂಬರನ್ನು ಕ್ಲಿಪ್‌ನಲ್ಲಿ ಹಾಕಿದರೆ ಹಡಗಿನ ಹೆಸರು, ನೋಂದಣಿಯ ಬಂದರು, ವರ್ಷ ಬರುತ್ತವೆ. ಅಲ್ಲಿಗೇ ನಿಲ್ಲಿಸಬೇಡಿ. ಬ್ರಿಟಿಷ್ ನೋಂದಣಿಯ ಹಡಗುಗಳ ಅಚ್ಚಾದ ಪಟ್ಟಿಯಾದ ಮರ್ಕಂಟೈಲ್ ನೇವಿ ಲಿಸ್ಟಿನ ಸ್ಕ್ಯಾನ್ ಪುಟ ತೆರೆದು ಟನ್ನೇಜನ್ನು ಪುಸ್ತಕದ ಸಾಲಿನೊಂದಿಗೆ ತಾಳೆ ನೋಡಿ. ಎರಡೂ ಕೂಡಿಬಂದರೆ ನಂಬರು ಸರಿ. ಬಾರದಿದ್ದರೆ ಒಂದು ಅಂಕಿ ತಪ್ಪು ಓದಿದ್ದೀರಿ, 1ರ ಜಾಗಕ್ಕೆ 7 ಹಾಕಿ ನೋಡಿ. ಈ ತಾಳೆಯನ್ನು ಬಿಟ್ಟು ಮುಂದೆ ಹೋದವರೇ ಬೇರೆ ಯಾರದೋ ಹಡಗಿನ ದಾಖಲೆಗೆ ದುಡ್ಡು ಕಟ್ಟುವುದು. ಪುಟಗಳ ಅಚ್ಚು ಸಣ್ಣದು, ಫೋನಿಗಿಂತ ಕಂಪ್ಯೂಟರ್ ವಾಸಿ.

ನಂಬರು ಗಟ್ಟಿಯಾದ ಮೇಲೆ ಸಿಬ್ಬಂದಿ ಪಟ್ಟಿ ಎಲ್ಲಿದೆ ಎಂಬ ಪ್ರಶ್ನೆ. ಇದು ಮೂರು ಕಡೆ ಹಂಚಿಹೋಗಿದೆ, ಹೊಸಬರು ದಾರಿ ತಪ್ಪುವುದು ಇಲ್ಲೇ. 1861ರಿಂದ 1938ರವರೆಗಿನ ಪಟ್ಟಿಗಳಲ್ಲಿ ಶೇ. 10ರಷ್ಟು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಸರಣಿ ಬಿಟಿ 99. 1861, 1862 ಮತ್ತು 5ರಲ್ಲಿ ಕೊನೆಯಾಗುವ ವರ್ಷಗಳದ್ದು (1905, 1915, 1925 ಹೀಗೆ) ಬಹುಪಾಲು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ. ಉಳಿದ ಸುಮಾರು ಶೇ. 70 ಹೋಗಿರುವುದು ಕೆನಡಾಕ್ಕೆ, ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದ ಮ್ಯಾರಿಟೈಮ್ ಹಿಸ್ಟರಿ ಆರ್ಕೈವ್‌ಗೆ. ಅಲ್ಲಿನ ಸೂಚಿಗೆ ಅಫೀಶಿಯಲ್ ನಂಬರ್ ಕೊಟ್ಟರೆ ಯಾವ ಯಾವ ವರ್ಷದ ಪಟ್ಟಿ ಇದೆ ಎಂದು ತಿಳಿಯುತ್ತದೆ. ಪ್ರತಿಗೆ ಹಣ ಕೊಡಬೇಕು. 1939ರಿಂದ 1950ರದ್ದು ಕ್ಯೂನಲ್ಲೇ ಬಿಟಿ 381, ಅದೂ ನಂಬರಿನ ಪ್ರಕಾರ. 1915ರ ಪಟ್ಟಿಗಳನ್ನು ಸ್ವಯಂಸೇವಕರು ಟೈಪ್ ಮಾಡಿ ಪುಕ್ಕಟೆ ಹಾಕಿದ್ದಾರೆ. ಅಭ್ಯಾಸಕ್ಕೆ ಅದು ಒಳ್ಳೆಯದು. ಅಲ್ಲೂ ಹೆಸರು ಬಿಟ್ಟು ಹಡಗಿನಿಂದ ಹೋಗಿ, ಪುಟದ ಚಿತ್ರವನ್ನೇ ಓದಿ.

ಓದುವಾಗ ಹುದ್ದೆಗಳ ಭಾಷೆ ತಿಳಿದಿರಬೇಕು. ‘ಸೆರಾಂಗ್’ ಖಲಾಸಿಗಳ ಮೇಸ್ತ್ರಿ, ‘ಟಿಂಡಾಲ್’ ಅವನ ಕೈಕೆಳಗಿನವ. ‘ಸೀಕನ್ನಿ’ ಅಂತ ಕಂಡರೆ ಗಾಬರಿಯಾಗಬೇಡಿ, ಅರಬ್ಬಿ–ಪಾರ್ಸಿಯ ‘ಸುಕ್ಕಾನಿ’ ಇಂಗ್ಲಿಷ್ ಬಾಯಲ್ಲಿ ಹಾಗಾದದ್ದು, ನಮ್ಮ ಚುಕ್ಕಾಣಿಯ ನೆಂಟ, ಚುಕ್ಕಾಣಿ ಹಿಡಿಯುವವ. ‘ಆಗ್‌ವಾಲಾ’ ಬಾಯ್ಲರಿನ ಬೆಂಕಿಯವ, ‘ಕೋಲ್‌ವಾಲಾ’ ಕಲ್ಲಿದ್ದಲು ಹೊರುವವ, ‘ಟೋಪಾಸ್’ ಗುಡಿಸುವವ. ‘ಭಂಡಾರಿ’ ಹತ್ತಿರ ಮಾತ್ರ ಎರಡು ಸಲ ನಿಲ್ಲಿ. ಕರಾವಳಿಯವರಿಗೆ ಅದು ಅಡ್ಡಹೆಸರು, ಹಡಗಿನ ಪಟ್ಟಿಯಲ್ಲಿ ಅಡುಗೆಯವ. ಅಡುಗೆಯವನನ್ನು ಭಂಡಾರಿ ಮನೆತನಕ್ಕೆ ಸೇರಿಸಿದ ವಂಶವೃಕ್ಷಗಳಿಗೆ ಕೊರತೆಯಿಲ್ಲ.

ದುಡ್ಡು ಕೊಟ್ಟು ಬಳಸುವ ತಾಣಗಳ ಬಗ್ಗೆ ಒಂದು ಮಾತು. ಅಲ್ಲಿನ ದೊಡ್ಡ ಆಕರ್ಷಣೆ 1918–1941ರ ನಾವಿಕರ ಕಾರ್ಡುಗಳು; ಬಿಟಿ 350 ಸರಣಿಯ ಕಾರ್ಡಿನಲ್ಲಿ ಫೋಟೋವೂ ಇರುತ್ತದೆ. ಬ್ರಿಟನ್ನಿನಲ್ಲೇ ಒಪ್ಪಂದ ಮಾಡಿಕೊಂಡವರಿಗೆ ಬೆಲೆಬಾಳುವಂಥದ್ದು. ಲಸ್ಕರ್ ಒಪ್ಪಂದದವರು ಅದರಲ್ಲಿ ಸಿಗುವುದು ಕಡಿಮೆ. ವರ್ಷದ ಚಂದಾ ಕಟ್ಟುವ ಮೊದಲು ಪುಕ್ಕಟೆ ಹುಡುಕಾಟದಲ್ಲಿ ನಾಲ್ಕು ಸ್ಪೆಲ್ಲಿಂಗ್ ಹಾಕಿ ನೋಡಿ. ಏನೂ ಕಾಣದಿದ್ದರೆ ಆ ದುಡ್ಡಲ್ಲಿ ಕೆನಡಾದಿಂದ ಪ್ರತಿ ತರಿಸಿ.

ಡಿಸ್ಚಾರ್ಜ್ ಪುಸ್ತಕವೇ ಇಲ್ಲದವರಿಗೆ ಕ್ಲಿಪ್ ತಾನಾಗಿ ಏನೂ ಕೊಡುವುದಿಲ್ಲ, ಹಡಗಿನ ಹೆಸರು ಬೇರೆ ಕಡೆಯಿಂದ ಬರಬೇಕು. ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಹುಡುಕಾಟದಲ್ಲಿ ಹಡಗಿನ ಹೆಸರು ಸಮೇತ ಸಿಗಬಹುದು. ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿ ಮೊದಲ ಮಹಾಯುದ್ಧದ ಸ್ಮಾರಕವೂ ಇದೆ. ಗೋವಾ ಕಡೆಯ ಕ್ರೈಸ್ತ ಮನೆತನವಾದರೆ ಧೋಬಿ ತಲಾವಿನ ಕೂಡ್‌ಗಳಲ್ಲಿ ವಿಚಾರಿಸಿ. ಒಂದೊಂದು ಹಳ್ಳಿಗೆ ಒಂದೊಂದು ಕೂಡ್. ಹಡಗಿಗೆ ಕಾಯುತ್ತಿದ್ದ ನಾವಿಕರು ಉಳಿಯುತ್ತಿದ್ದದ್ದು ಅಲ್ಲೇ. 1964ರ ನಂತರವೂ ಕೆಲಸದಲ್ಲಿದ್ದವರಿಗೆ ಸೀಮೆನ್ಸ್ ಪ್ರಾವಿಡೆಂಟ್ ಫಂಡ್ ಇದೆ, ಹಳೆಯ ಪಿಎಫ್ ಚೀಟಿ ಇದ್ದರೆ ಎಸೆಯಬೇಡಿ.

ಸರ್ಕಾರಿ ಕಡತಕ್ಕೆ ಇಳಿಯುವುದಾದರೆ ಕೋಟೆ ಪ್ರದೇಶದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರ. ಇಲ್ಲೊಂದು ಗಂಟು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿ ಪ್ರೆಸಿಡೆನ್ಸಿಗೆ ಬಂತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಅದಕ್ಕೆ ಮಲ್ಪೆಯವನ ಜಮೀನಿನ ಕಾಗದವನ್ನು ಮುಂಬೈಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಆದರೆ ಅದೇ ಮನುಷ್ಯನ ಹಡಗಿನ ಒಪ್ಪಂದ ಅವನು ಹುಟ್ಟಿದ ಊರನ್ನು ಹಿಂಬಾಲಿಸುವುದಿಲ್ಲ, ಸಹಿ ಹಾಕಿದ ಬಂದರನ್ನು ಹಿಂಬಾಲಿಸುತ್ತದೆ. ಪುಸ್ತಕದಲ್ಲಿ ‘ಹತ್ತಿದ ಜಾಗ’ದ ಅಂಕಣ ನೋಡಿಯೇ ಯಾವ ಊರಿನ ಪತ್ರಾಗಾರ ಎಂದು ತೀರ್ಮಾನಿಸಿ.

ಕ್ಲಿಪ್‌ಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಇಂಗ್ಲಿಷ್ ಬಾರದ ಹಿರಿಯರು ಪಕ್ಕದಲ್ಲಿ ಮೊಮ್ಮಗನನ್ನು ಕೂರಿಸಿಕೊಳ್ಳದೆ ಬಳಸಲಾರರು ಎಂಬುದಕ್ಕೆ.